ಬಾಳಿಕೆ ಬರುವ ಪುಸ್ತಕ

2023ರ ಜೂನ್ ತಿಂಗಳ ಒಂದು ಸೋಮವಾರ. ವೆಬ್‌ಸೈಟ್ ಕಟ್ಟುವ ನಮ್ಮ ಜಯನಗರದ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ಮುಗಿಯುವ ಹೊತ್ತಿಗೆ ವಿಷಯ ಗೊತ್ತಾಯಿತು. ಇನ್ನು ಮುಂದೆ ಬರುವ ಹೊಸ ಕೆಲಸವೆಲ್ಲ ರಿಯಾಕ್ಟ್ ಮತ್ತು ನೋಡ್‌ನಲ್ಲಿ. ಎರಡೂ ಜಾವಾಸ್ಕ್ರಿಪ್ಟ್ ಭಾಷೆಯ ಸಲಕರಣೆಗಳು, ರಿಯಾಕ್ಟ್ ಪರದೆಯ ಮೇಲೆ ಕಾಣುವ ಪುಟಕ್ಕೆ, ನೋಡ್ ಅದರ ಹಿಂದಿನ ಸರ್ವರಿಗೆ. ಹನ್ನೊಂದು ವರ್ಷ ಪಿಎಚ್‌ಪಿ ಎಂಬ ಬೇರೆ ಭಾಷೆಯಲ್ಲೇ ಕೆಲಸ ಮಾಡಿದವಳು ನಾನು. ಜಾವಾಸ್ಕ್ರಿಪ್ಟ್ ಗೊತ್ತಿತ್ತು. ಆದರೆ ಜೆಕ್ವೆರಿ ಎಂಬ ಸಿದ್ಧ ಕೋಡ್ ಹಾಕಿ ಬಟನ್ ಒತ್ತಿದಾಗ ಏನೋ ಒಂದು ತೋರಿಸುವಷ್ಟು ಮಾತ್ರ. ಮೂರು ತಿಂಗಳೊಳಗೆ ತಯಾರಾಗಿ ಎಂದರು.

ವಿಡಿಯೋ ನೋಡಿ ಕಲಿಯಬಹುದಲ್ಲ ಎಂದು ಎಲ್ಲರೂ ಹೇಳಿದರು. ಹತ್ತು ದಿನ ನೋಡಿದೆ. ಅದರಲ್ಲಿ ಮಾತಾಡುವವರು ಬರೆಯುತ್ತಾ ಹೋಗುತ್ತಾರೆ, ನಾನೂ ಬರೆಯುತ್ತಾ ಹೋಗುತ್ತೇನೆ, ಕೊನೆಗೆ ಪುಟ ಓಡುತ್ತದೆ. ಮಾರನೇ ದಿನ ಖಾಲಿ ಫೈಲ್ ತೆರೆದು ಕೂತರೆ ಒಂದು ಸಾಲೂ ಬರುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ತಿಪಟೂರಿನ ಹತ್ತಿರದ ಊರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ನನ್ನ ವೇಗದಲ್ಲಿ ಓದಬೇಕು. ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಎರಡು ಪದ ಬರೆದುಕೊಂಡು, ಮತ್ತೆ ಹಿಂದಿನ ಪುಟಕ್ಕೆ ಹೋಗಿ ಬಂದರೆ ಆಗ ತಲೆಯಲ್ಲಿ ಕೂರುತ್ತದೆ. ಹಾಗಾಗಿ ಪುಸ್ತಕವೇ ಸರಿ ಎಂದುಕೊಂಡೆ. ಯಾವ ಪುಸ್ತಕ ಅನ್ನುವುದು ಇಷ್ಟು ದೊಡ್ಡ ಪ್ರಶ್ನೆ ಎಂದು ಆಗ ಗೊತ್ತಿರಲಿಲ್ಲ.

ಮೊದಲು ಹೋದದ್ದು ಅವೆನ್ಯೂ ರೋಡಿಗೆ. ನಮ್ಮ ಮನೆ ವಿಜಯನಗರದಲ್ಲಿ. ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದೆ. ಕಾಲೇಜಿನ ದಿನಗಳಿಂದ ಆ ರಸ್ತೆ ನನಗೆ ಗೊತ್ತು. ಸೆಮಿಸ್ಟರ್ ಶುರುವಾಗುವಾಗ ಅರ್ಧ ಬೆಲೆಗೆ ಪುಸ್ತಕ ತಂದು, ಪರೀಕ್ಷೆ ಮುಗಿದ ಮೇಲೆ ಅಲ್ಲೇ ವಾಪಸ್ ಮಾರಿದ್ದೂ ಇದೆ. ಅಂಗಡಿಯವರಿಗೆ "ರಿಯಾಕ್ಟ್ ಪುಸ್ತಕ ಇದ್ಯಾ ಅಣ್ಣಾ?" ಎಂದೆ. ಅವರು ರಾಶಿಯ ನಡುವಿನಿಂದ ಒಂದನ್ನು ಎಳೆದು, ಬೆನ್ನಿನ ಧೂಳು ಒರೆಸಿ ಕೊಟ್ಟರು. ಹೊಸದರ ಹಾಗೇ ಇತ್ತು. ಮೊದಲ ಹಾಳೆಗಳನ್ನು ತಿರುಗಿಸಿದೆ. ಮರುಮುದ್ರಣ 2021 ಎಂದಿತ್ತು. ಎರಡೇ ವರ್ಷದ ಹಿಂದಿನದು, ಸಾಕಲ್ಲ ಅನ್ನಿಸಿತು. ಚೌಕಾಸಿ ಮಾಡಿ 300 ರೂಪಾಯಿಗೆ ತಂದೆ.

ಮನೆಯಲ್ಲಿ ಅಮ್ಮ ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿದರು. "ಇಷ್ಟು ದಪ್ಪ ಪುಸ್ತಕ. ದುಡ್ಡು ಕೊಟ್ಟಿದ್ದಕ್ಕೆ ಬಾಳಿಕೆ ಬರುತ್ತೇನೇ?" ಎಂದು ಕೇಳಿದರು. ಅಮ್ಮ ಪಾತ್ರೆ, ಸೀರೆ, ಚಪ್ಪಲಿ ಯಾವುದು ಕೊಂಡರೂ ಇದೇ ಪ್ರಶ್ನೆ. ಬರುತ್ತೆ ಅಮ್ಮ ಎಂದೆ. ಅವರು ಹಳೇ ಕ್ಯಾಲೆಂಡರಿನ ಹಾಳೆ ತೆಗೆದು, ನಾನು ಸ್ಕೂಲಿಗೆ ಹೋಗುವಾಗ ಹಾಕುತ್ತಿದ್ದ ಹಾಗೇ ನೀಟಾಗಿ ಬೈಂಡ್ ಹಾಕಿದರು.

ನಾಲ್ಕು ಭಾನುವಾರ ಕೂತು ಓದಿದೆ. ವಾರದ ದಿನಗಳಲ್ಲಿ ಮೆಟ್ರೊದಲ್ಲಿ ನಿಂತುಕೊಂಡೂ ಓದಿದೆ. ಪುಸ್ತಕ ಚೆನ್ನಾಗಿಯೇ ಇತ್ತು. ಪುಟದ ಒಂದೊಂದು ತುಂಡು ಒಂದು ಕಾಂಪೊನೆಂಟ್. ಒಂದು ಕಾಂಪೊನೆಂಟ್ ಅಂದರೆ ಒಂದು ಕ್ಲಾಸ್, ಮಾಹಿತಿಯನ್ನೂ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಟ್ಟ ಕೋಡ್. ಅದು ಪರದೆಯ ಮೇಲೆ ಬಂದ ಕೂಡಲೇ ಏನಾಗಬೇಕು, ಬದಲಾದಾಗ ಏನಾಗಬೇಕು, ಹೋಗುವಾಗ ಏನಾಗಬೇಕು ಎನ್ನುವುದಕ್ಕೆ ಬೇರೆ ಬೇರೆ ಮೆಥಡ್‌ಗಳು. 'ಈ ಕಾಂಪೊನೆಂಟ್' ಎಂದು ಸೂಚಿಸುವ 'ದಿಸ್' ಪದ ಎಲ್ಲಿ ಕೈಕೊಡುತ್ತದೆ, ಅದನ್ನು 'ಬೈಂಡ್' ಮಾಡಿ ಕಟ್ಟಿಹಾಕುವುದು ಹೇಗೆ ಎಂದು ಒಂದು ಇಡೀ ಅಧ್ಯಾಯ. ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಬರೆದುಕೊಂಡೆ.

ಐದನೇ ವಾರ ಆಫೀಸಿನಲ್ಲಿ ಹೊಸ ಪ್ರಾಜೆಕ್ಟಿನ ಕೋಡ್ ನೋಡಲು ಕೊಟ್ಟರು. ಇಡೀ ಫೋಲ್ಡರಿನಲ್ಲಿ ಕ್ಲಾಸ್ ಎಂಬ ಪದ ಹುಡುಕಿದೆ. ಒಂದು ಕಾಂಪೊನೆಂಟೂ ಕ್ಲಾಸ್ ಆಗಿರಲಿಲ್ಲ. ಎಲ್ಲ ಸಣ್ಣ ಸಣ್ಣ ಫಂಕ್ಷನ್‌ಗಳು. ಎಲ್ಲೆಲ್ಲೂ ಯೂಸ್‌ಸ್ಟೇಟ್, ಯೂಸ್‌ಎಫೆಕ್ಟ್. ನನ್ನ ಪುಸ್ತಕದ ಕೊನೆಯ ಪದಸೂಚಿಯಲ್ಲಿ ಅವೆರಡೂ ಇರಲಿಲ್ಲ. ಪಕ್ಕದ ಸೀಟಿನ ಹುಡುಗನನ್ನು ಕೇಳಿದೆ. ಇಪ್ಪತ್ತಮೂರರ ವಯಸ್ಸು, ಹಾಸನದ ಕಡೆಯವನು. ನನ್ನ ಪುಸ್ತಕ ತೆಗೆದುಕೊಂಡು ಹಕ್ಕುಸ್ವಾಮ್ಯದ ಪುಟ ತೆರೆದ. ಮರುಮುದ್ರಣದ ಸಾಲಿಗಿಂತ ಮೇಲೆ, ಸಣ್ಣ ಅಕ್ಷರದಲ್ಲಿದ್ದ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟ. "ಅಕ್ಕಾ, ಇಲ್ಲಿ ನೋಡಿ. ಮೊದಲನೇ ಆವೃತ್ತಿ 2017. ಹುಕ್ಸ್ ಬಂದಿದ್ದು 2019ರಲ್ಲಿ."

ಅವನು ಹೇಳಿದ್ದು ನಿಜ. ರಿಯಾಕ್ಟ್‌ನ 16.8 ಆವೃತ್ತಿ 2019ರ ಫೆಬ್ರವರಿಯಲ್ಲಿ ಬಂತು. ಯೂಸ್‌ಸ್ಟೇಟ್, ಯೂಸ್‌ಎಫೆಕ್ಟ್‌ನಂಥ ಹುಕ್ಸ್ ಬಂದದ್ದು ಅದರ ಜೊತೆಗೆ. ಕ್ಲಾಸ್ ಇಲ್ಲದೆ ಬರೀ ಫಂಕ್ಷನ್‌ನಲ್ಲೇ ಆ ಕೆಲಸ ಮಾಡಲು ಬಿಡುವ ಸೌಲಭ್ಯ ಅದು. ಆಮೇಲೆ ಜನ ಕಾಂಪೊನೆಂಟ್ ಬರೆಯುವ ರೀತಿಯೇ ಬದಲಾಯಿತು. ಕ್ಲಾಸ್‌ಗಳು ಈಗಲೂ ಓಡುತ್ತವೆ, ಆದರೆ ಹೊಸದಾಗಿ ಬರೆಯುವವರು ಕಡಿಮೆ. ನನ್ನ ಪುಸ್ತಕ 2021ರಲ್ಲಿ ಮತ್ತೆ ಅಚ್ಚಾಗಿತ್ತು, ಅಷ್ಟೇ. ಒಳಗಿನ ಒಂದಕ್ಷರವೂ 2017ರ ಮೇಲೆ ಬದಲಾಗಿರಲಿಲ್ಲ.

ಆ ದಿನ ತುಂಬ ಬೇಜಾರಾಯಿತು. 300 ರೂಪಾಯಿ ಹೋದದ್ದಕ್ಕಲ್ಲ. ಕೊಟ್ಟ ಮೂರು ತಿಂಗಳಲ್ಲಿ ಒಂದು ತಿಂಗಳು ಹೋಗಿತ್ತು. ಮನೆಗೆ ಬಂದು ಕಾಫಿ ಕುಡಿಯುತ್ತಾ ಅದೇ ಯೋಚನೆ. ಆವೃತ್ತಿ, ಮುದ್ರಣ ಎರಡೂ ನನಗೆ ಹೊಸ ಪದಗಳಲ್ಲ. ಕನ್ನಡ ಕಾದಂಬರಿಗಳನ್ನು ಚಿಕ್ಕಂದಿನಿಂದ ಓದಿದ್ದೇನೆ. ಒಳಪುಟದಲ್ಲಿ ಹತ್ತನೇ ಮುದ್ರಣ ಎಂದಿದ್ದರೆ ಖುಷಿಯಾಗುತ್ತದೆ, ಇಷ್ಟು ಜನ ಓದಿದ್ದಾರೆ ಎಂದು ನಂಬಿಕೆ ಬರುತ್ತದೆ. ಆ ಅಭ್ಯಾಸವನ್ನೇ ಇಲ್ಲಿಗೂ ತಂದಿದ್ದೆ. ಕಾದಂಬರಿಗೆ ಹತ್ತನೇ ಮುದ್ರಣ ಗೌರವ. ರಿಯಾಕ್ಟ್ ಪುಸ್ತಕಕ್ಕೆ ಬೇಕಾದದ್ದು ಪರಿಷ್ಕೃತ ಆವೃತ್ತಿ. ಅಂಗಡಿಯವರು ಮೋಸ ಮಾಡಿದರು ಎಂದು ಹೇಳಲಾರೆ. ಅವರು ಕೇಳಿದ ಪುಸ್ತಕ ಕೊಟ್ಟರು. ನೋಡಬೇಕಾದ ಸಾಲು ಯಾವುದು ಎಂದು ಕೇಳಿಕೊಳ್ಳಬೇಕಾದವಳು ನಾನೇ ಆಗಿದ್ದೆ.

ಮುಂದಿನ ಶನಿವಾರ ಹೊಸ ಪುಸ್ತಕ ಕೊಳ್ಳಲು ಎಂ.ಜಿ. ರೋಡಿಗೆ ಹೋದೆ. ಸ್ಟೇಷನ್ನಿನಿಂದ ಇಳಿದು ಚರ್ಚ್ ಸ್ಟ್ರೀಟಿನ ಕಲ್ಲು ಹಾಸಿನ ಮೇಲೆ ನಡೆದು ಬ್ಲಾಸಮ್ ಒಳಗೆ ಹೋದರೆ ಹೊರಗಿನ ಗಲಾಟೆ ಅಲ್ಲಿಗೇ ನಿಲ್ಲುತ್ತದೆ. ಹೊಸದು, ಹಳೆಯದು ಎಲ್ಲ ಒಟ್ಟಿಗೆ ಇರುವ ಅಂಗಡಿ. ನಿಂತು ಓದಿದರೆ ಯಾರೂ ಏನೂ ಅನ್ನುವುದಿಲ್ಲ. ಈ ಸಲ ಆತುರ ಮಾಡಬಾರದು ಎಂದು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಮಧ್ಯಾಹ್ನ ಊಟ ಮುಗಿಸಿಕೊಂಡೇ ಹೋಗಿದ್ದೆ.

ಹೋಗುವ ಮೊದಲು ಒಂದು ವಿಷಯ ಯೋಚನೆ ಮಾಡಿದ್ದೆ. ಗೊತ್ತಿಲ್ಲದ ವಿಷಯದ ಪುಟ ತೆರೆದು ಓದಿದರೆ ಆ ಪುಸ್ತಕ ಒಳ್ಳೆಯದೋ ಅಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಅರ್ಥವಾಗದಿದ್ದರೆ ತಪ್ಪು ನನ್ನದೇ ಇರಬಹುದು ಅನ್ನಿಸುತ್ತದೆ. ಅದಕ್ಕೆ ನಾನು ಹಿಂದೆ ಪೆಟ್ಟು ತಿಂದು, ಕಷ್ಟಪಟ್ಟು ಅರ್ಥಮಾಡಿಕೊಂಡ ಒಂದು ವಿಷಯವನ್ನು ಆರಿಸಿಕೊಂಡೆ. ಅದನ್ನು ಪ್ರತಿ ಪುಸ್ತಕದಲ್ಲೂ ತೆರೆದು ಓದುವುದು. ನನಗೆ ಆ ದಾರಿ ಗೊತ್ತಿರುವುದರಿಂದ, ಬರೆದವರು ಯಾವ ತಿರುವಿನಲ್ಲಿ ಕೈ ಹಿಡಿಯುತ್ತಾರೆ, ಎಲ್ಲಿ ಬಿಟ್ಟು ಹೋಗುತ್ತಾರೆ ಎಂದು ಕಾಣುತ್ತದೆ.

ನಾನು ಆರಿಸಿದ ವಿಷಯ ಇದು. 2016ರಲ್ಲಿ ಒಬ್ಬ ಗಿರಾಕಿಯ ಪುಟಕ್ಕೆ ಮೂರು ಬಟನ್ ಹಾಕಿದ್ದೆ. ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡಿಸುವ ಲೂಪ್ ಬರೆದು, ಸೊನ್ನೆಯಿಂದ ಎಣಿಸಿ, ಪ್ರತಿ ಬಟನ್ನಿಗೂ "ನಿನ್ನನ್ನು ಒತ್ತಿದರೆ ನಿನ್ನ ನಂಬರ್ ತೋರಿಸು" ಎಂದು ಹೇಳಿದ್ದೆ. 0, 1, 2 ಬರಬೇಕು. ಯಾವ ಬಟನ್ ಒತ್ತಿದರೂ 3. ಅಲ್ಲಿ ಮೂರನೇ ನಂಬರಿನ ಬಟನ್ನೇ ಇರಲಿಲ್ಲ! ಒಂದು ಇಡೀ ದಿನ ಅದರಲ್ಲೇ ಹೋಯಿತು. ಕೊನೆಗೆ ಯಾರೋ ಹೇಳಿದ ಒಂದು ತಂತ್ರ ಹಾಕಿ ಸರಿಮಾಡಿದೆ, ಯಾಕೆ ಎಂದು ಅರ್ಥವಾಗಲು ಇನ್ನೂ ಒಂದು ವರ್ಷ ಬೇಕಾಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ ತಾನು ಹುಟ್ಟಿದ ಜಾಗದ ವೇರಿಯಬಲ್‌ಗಳನ್ನು, ಅಂದರೆ ನಂಬರ್ ಇಟ್ಟುಕೊಳ್ಳುವ ಹೆಸರುಗಳನ್ನು, ಆಮೇಲೂ ಹಿಡಿದುಕೊಂಡಿರುತ್ತದೆ. ಇದಕ್ಕೆ ಕ್ಲೋಷರ್ ಎನ್ನುತ್ತಾರೆ. ಆ ಹೆಸರನ್ನು ನಾನು ಆಗ 'ವಾರ್' ಎಂದು ಬರೆದು ಮಾಡಿದ್ದೆ. 2015ರ ಭಾಷಾ ಆವೃತ್ತಿಯಲ್ಲಿ 'ಲೆಟ್' ಬಂದ ಮೇಲೆ 'ವಾರ್' ಬದಲು ಅದನ್ನು ಬರೆದರೆ ಸಮಸ್ಯೆಯೇ ಇರುವುದಿಲ್ಲ.

ಅಂಗಡಿಯಲ್ಲಿ ಮೂರು ಪುಸ್ತಕ ಇಳಿಸಿಕೊಂಡೆ. ಮೂರರಲ್ಲೂ ಪದಸೂಚಿ ನೋಡಿ ಕ್ಲೋಷರ್ ಪುಟ ತೆರೆದೆ. ಮೊದಲನೆಯದರಲ್ಲಿ ಒಂದು ವ್ಯಾಖ್ಯೆ ಇತ್ತು. ಅದರಲ್ಲಿದ್ದ ಪ್ರತಿ ಪದಕ್ಕೂ ಇನ್ನೊಂದು ವ್ಯಾಖ್ಯೆ ಬೇಕಿತ್ತು. ವಿಷಯ ಗೊತ್ತಿದ್ದ ನನಗೇ ಅದು ತಲೆಗೆ ಹೋಗಲಿಲ್ಲ. ಎರಡನೆಯದು "ಯಾವಾಗಲೂ ಲೆಟ್ ಬಳಸಿ" ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗಿತ್ತು. ಮಾತು ಸರಿ, ಆದರೆ ಯಾಕೆ ಎಂದಿಲ್ಲ. ಮೂರನೆಯದು ಮುಖಪುಟದಲ್ಲಿ ಘೇಂಡಾಮೃಗದ ಚಿತ್ರ ಇರುವ ಪುಸ್ತಕ. ಡೇವಿಡ್ ಫ್ಲಾನಗನ್ ಬರೆದ 'ಜಾವಾಸ್ಕ್ರಿಪ್ಟ್: ದಿ ಡೆಫಿನಿಟಿವ್ ಗೈಡ್', 2020ರ ಏಳನೇ ಆವೃತ್ತಿ. ಅದರಲ್ಲಿ ನಾನು ಸಿಕ್ಕಿಬಿದ್ದ ತೊಡಕನ್ನೇ ಎದುರಿಗಿಟ್ಟುಕೊಂಡು, ಲೂಪಿನಲ್ಲಿ ಮಾಡಿದ ಫಂಕ್ಷನ್‌ಗಳೆಲ್ಲ ಒಂದೇ ನಂಬರ್ ಯಾಕೆ ಕೊಡುತ್ತವೆ ಎಂದು ಕೇಳಿ, ಹೆಜ್ಜೆ ಹೆಜ್ಜೆಯಾಗಿ ಹೇಳಿದ್ದಾರೆ. ಎರಡು ಸಲ ಓದಿದೆ. 2016ರಲ್ಲಿ ಈ ಪುಟ ಕೈಗೆ ಸಿಕ್ಕಿದ್ದರೆ ಅನ್ನಿಸಿತು.

ಆ ಪುಸ್ತಕದಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. 2011ರಲ್ಲಿ ಬಂದ ಇದರ ಆರನೇ ಆವೃತ್ತಿ ನಮ್ಮ ಹಳೇ ಆಫೀಸಿನಲ್ಲಿತ್ತು. ಸುಮಾರು 1,100 ಪುಟ. ಏಳನೆಯದು ಸುಮಾರು 700 ಪುಟ. ಒಂಬತ್ತು ವರ್ಷದಲ್ಲಿ ಭಾಷೆ ಬೆಳೆದಿದೆ, ಪುಸ್ತಕ ಯಾಕೆ ಸಣ್ಣಗಾಯಿತು? ಹಿಂದೆ ಕೊನೆಯ ಭಾಗದಲ್ಲಿ ಪ್ರತಿ ಫಂಕ್ಷನ್ನಿನ ವಿವರವನ್ನು ನಿಘಂಟಿನ ಹಾಗೆ ಕೊಟ್ಟಿದ್ದರು. ಆ ಭಾಗವನ್ನು ತೆಗೆದುಬಿಟ್ಟಿದ್ದಾರೆ. ಆ ವಿವರವೆಲ್ಲ ಈಗ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲಾದವರ ತಾಣವಾದ ಎಂಡಿಎನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಬದಲಾದಂತೆಲ್ಲ ತಿದ್ದಿಯೂ ಇಡುತ್ತಾರೆ. ಕಾಗದದ ಮೇಲೆ ಉಳಿಸಿದ್ದು ವಿವರಣೆಯನ್ನು ಮಾತ್ರ. ಅಂಗಡಿಯ ಆ ಸಾಲುಗಳ ನಡುವೆ ನಿಂತೇ ನನಗೆ ಒಂದು ದಾರಿ ಕಂಡ ಹಾಗಾಯಿತು. ನಾನೂ ಹಾಗೇ ಯಾಕೆ ಮಾಡಬಾರದು? ದಿನಾ ಬದಲಾಗುವುದನ್ನು ತೆರೆಯ ಮೇಲೆ ಓದುವುದು. ಬದಲಾಗದೆ ಉಳಿಯುವುದಕ್ಕೆ ದುಡ್ಡು ಕೊಡುವುದು.

ಮನೆಗೆ ಬಂದ ಮೇಲೆ ಅಮ್ಮನಿಗೆ ಮೂರು ಬಟನ್ನಿನ ಕತೆ ಹೇಳಿದೆ. ಅಮ್ಮ ಮೂವತ್ತು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿದವರು. ಅವರಿಗೆ ಹೀಗೆ ಹೇಳಿದೆ: ಮೂರು ಮಕ್ಕಳನ್ನು ಕೂರಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಗೋಡೆ ಮೇಲೆ ಒಂದೇ ಸ್ಲೇಟು. ಸೊನ್ನೆ ಬರೆದು ಮೊದಲನೇ ಮಗುಗೆ "ಆಮೇಲೆ ಕೇಳ್ತೀನಿ, ಆಗ ಸ್ಲೇಟು ನೋಡಿ ಹೇಳು" ಅಂತೀರಿ. ಅಳಿಸಿ ಒಂದು ಬರೆದು ಎರಡನೇ ಮಗುಗೂ ಅದೇ ಮಾತು. ಅಳಿಸಿ ಎರಡು ಬರೆದು ಮೂರನೇ ಮಗುಗೂ ಅದೇ. ಕೊನೆಗೆ ಅಳಿಸಿ ಮೂರು ಬರೆದು ನಿಲ್ಲಿಸ್ತೀರಿ. ಈಗ ಯಾವ ಮಗುನ ಕೇಳಿದರೂ ಏನು ಹೇಳುತ್ತೆ?

"ಮೂರು ಅಂತಾನೇ ಹೇಳುತ್ತೆ. ಸ್ಲೇಟಿನಲ್ಲಿ ಇರೋದೇ ಅದಲ್ವಾ," ಎಂದರು ಅಮ್ಮ. ಆಮೇಲೆ ಅವರೇ ಸೇರಿಸಿದರು. "ಒಬ್ಬೊಬ್ಬರ ಕೈಗೂ ಒಂದೊಂದು ಚೀಟಿ ಬರೆದು ಕೊಟ್ಟಿದ್ರೆ ಈ ಗೋಳೇ ಇರ್ತಿರಲಿಲ್ಲ."

ವಾರ್ ಎಂದರೆ ಗೋಡೆಯ ಸ್ಲೇಟು. ಲೆಟ್ ಎಂದರೆ ಸುತ್ತು ಸುತ್ತಿಗೂ ಒಂದು ಹೊಸ ಚೀಟಿ. ಅಮ್ಮ ಅರ್ಧ ನಿಮಿಷದಲ್ಲಿ ಮುಟ್ಟಿದ ಜಾಗಕ್ಕೆ ಆ ಪುಸ್ತಕದ ಎರಡು ಪುಟ ನನ್ನನ್ನು ಮುಟ್ಟಿಸಿತ್ತು. ಅವತ್ತಿನಿಂದ ಇದು ನನ್ನ ಇನ್ನೊಂದು ಪರೀಕ್ಷೆ. ಅಂಗಡಿಯಲ್ಲಿ ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಅದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಯಾರಿಗಾದರೂ ಹೇಳುವುದು. ಹೇಳಲು ಬಂದರೆ ಆ ಪುಸ್ತಕ ನನಗೆ ಆಗುತ್ತದೆ. ಬರೀ ಇಂಗ್ಲಿಷ್ ಪದಗಳೇ ಬಾಯಿಗೆ ಬಂದರೆ ನನಗೆ ಅರ್ಥವಾಗಿಲ್ಲ ಎಂದರ್ಥ. ಬೇರೆಯವರಿಗೆ ಅದೇ ಒಳ್ಳೆಯ ಪುಸ್ತಕ ಇರಬಹುದು, ನನಗಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಂಥ ಓದುಗರ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಂದು ಪುಸ್ತಕವನ್ನು ಗೆಳತಿಯೊಬ್ಬಳು ತುಂಬಾ ಹೊಗಳಿದ್ದಳು. ತೆರೆದರೆ ಉದಾಹರಣೆಗಳೆಲ್ಲ ಬೇಸ್‌ಬಾಲ್ ಅಂಕಪಟ್ಟಿಯ ಸುತ್ತ. ಆ ಆಟದ ಲೆಕ್ಕ ಅರ್ಥವಾಗದೆ ಕೋಡ್ ಅರ್ಥವಾಗುವುದಿಲ್ಲ. ನಡುನಡುವೆ ಅಲ್ಲಿನ ಟಿವಿ ಕಾರ್ಯಕ್ರಮಗಳ ತಮಾಷೆ. ಬರೆದವರು ತಮ್ಮ ಓದುಗರಿಗೆ ಹತ್ತಿರವಾಗಲು ಬರೆದದ್ದು ಅದು, ತಪ್ಪಲ್ಲ. ಆದರೆ ನನಗೆ ಒಂದರ ಬದಲು ಎರಡು ಪಾಠ ಆಗುತ್ತಿತ್ತು. ಕನ್ನಡ ಮೀಡಿಯಂನಿಂದ ಬಂದ ಹುಡುಗ ಹುಡುಗಿಯರು ಇಂಥ ಪುಸ್ತಕ ಹಿಡಿದು, ಅರ್ಥವಾಗಲಿಲ್ಲ ಎಂದು ತಮ್ಮನ್ನೇ ದೂರಿಕೊಳ್ಳುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಸಣ್ಣ ವಾಕ್ಯ, ಸರಳ ಇಂಗ್ಲಿಷ್, ಅಂಗಡಿ ಬಿಲ್ಲು, ವಿಳಾಸದ ಪಟ್ಟಿಯಂಥ ಎಲ್ಲ ಊರಿಗೂ ಹೊಂದುವ ಉದಾಹರಣೆ ಇರುವ ಪುಸ್ತಕಗಳೂ ಇವೆ. ಅವನ್ನು ಹುಡುಕಿಕೊಳ್ಳುವುದು ನಮ್ಮ ಹಕ್ಕು.

ದುಡ್ಡು ಕೊಡುವ ಮೊದಲೇ ಇಡೀ ಪುಸ್ತಕ ಓದಿ ನೋಡುವ ಅವಕಾಶವೂ ಕೆಲವು ಕಡೆ ಇದೆ. ಮರೈನ್ ಹಾವರ್‌ಬೆಕೆ ಬರೆದ 'ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್' ಪೂರ್ತಿಯಾಗಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಇದೆ. ಓದುತ್ತಾ ಅಲ್ಲೇ ಕೋಡ್ ಬದಲಾಯಿಸಿ ಓಡಿಸಬಹುದು. ಅದರ ಲೆಕ್ಕಗಳು ನನಗೆ ಕಷ್ಟವೆನಿಸಿದವು. ಆದರೂ ದಿನಕ್ಕೊಂದು ಮಾಡಿದೆ, ಕೈ ಪಳಗಿತು.

ಘೇಂಡಾಮೃಗವನ್ನು ನಾನು ಆನ್‌ಲೈನ್‌ನಲ್ಲಿ ತರಿಸಿದೆ. ಅಂಗಡಿಗಿಂತ ಕಡಿಮೆಗೆ ಸಿಗುತ್ತದೆ ಎಂಬ ಆಸೆ. ಇದರಲ್ಲೂ ಪೆಟ್ಟು ಬಿತ್ತು. ಬಂದ ಪುಸ್ತಕದ ಕಾಗದ ತೆಳ್ಳಗೆ, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತಿತ್ತು. ಯಾರೋ ಕದ್ದು ಅಚ್ಚು ಹಾಕಿದ ಪ್ರತಿ. ಕಾದಂಬರಿಯಾಗಿದ್ದರೆ ಹೇಗೋ ಓದಬಹುದಿತ್ತು. ಕೋಡ್‌ನಲ್ಲಿ ಒಂದು ಚುಕ್ಕಿ ಅಳಿಸಿದರೆ ಅರ್ಥವೇ ಬೇರೆ. ಎರಡು ಸಮ ಚಿಹ್ನೆಯೋ ಮೂರೋ ಎಂದು ಬೆಳಕಿಗೆ ಹಿಡಿದು ನೋಡಬೇಕಿತ್ತು. ವಾಪಸ್ ಕಳಿಸಿ, ಅಂಗಡಿಗೇ ಹೋಗಿ ಸರಿಯಾದ ಪ್ರತಿ ತಂದೆ. ಮನಸ್ಸಿಟ್ಟು ಬರೆದವರ ದುಡಿಮೆಗೆ ಅವರ ಪಾಲು ಸಿಗಬೇಕು ಎನ್ನುವುದೂ ನನಗೆ ಮುಖ್ಯ.

ಇಲ್ಲಿ ಒಂದು ಸಣ್ಣ ಎಚ್ಚರಿಕೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಿಗುವ ಅಧಿಕೃತ ಭಾರತೀಯ ಮರುಮುದ್ರಣಗಳು ಮೂಲಕ್ಕಿಂತ ಎಷ್ಟೋ ಅಗ್ಗ. ಇಂಥ ಬೆಲೆಗೆ ಕೊಡುವವರಿಗೆ ನಾನು ಋಣಿ. ಆದರೆ ಒಳಪುಟಗಳು ಸಾಮಾನ್ಯವಾಗಿ ಕಪ್ಪು-ಬಿಳುಪು. ಪುಟದ ರೂಪ, ಬಣ್ಣ ಹೇಳುವ ಸಿಎಸ್‌ಎಸ್ ಅಥವಾ ವಿನ್ಯಾಸದ ಪುಸ್ತಕ ಕೊಳ್ಳುವಾಗ ಒಳಗೆ ತೆರೆದು ನೋಡಿ. ನಾನು ನೋಡಿದ ಒಂದರಲ್ಲಿ "ಕೆಂಪು ಬಣ್ಣದ ಚೌಕ ಗಮನಿಸಿ" ಎಂದು ಬರೆದಿತ್ತು. ಪುಟದಲ್ಲಿದ್ದ ನಾಲ್ಕು ಚೌಕಗಳೂ ಬೂದು. ಅದೇ ವಿಷಯದ ಇನ್ನೊಂದು ಪುಸ್ತಕದ ಪದಸೂಚಿಯಲ್ಲಿ, ಪುಟವನ್ನು ಅಡ್ಡ ಉದ್ದ ಸಾಲುಗಳಾಗಿ ಜೋಡಿಸುವ ಗ್ರಿಡ್ ಹುಡುಕಿದೆ, ಇರಲಿಲ್ಲ. 2017ರ ಮಾರ್ಚ್‌ನಿಂದ ಮುಖ್ಯ ಬ್ರೌಸರ್‌ಗಳಲ್ಲಿ ಗ್ರಿಡ್ ಬಂದಿದೆ. ಪುಟದ ಅಂಕಣಗಳನ್ನು ಇನ್ನೂ ಫ್ಲೋಟ್ ಎಂಬ ಹಳೆಯ ವಿಧಾನ ಹಾಕಿ ಜೋಡಿಸಲು ಕಲಿಸುವ ಪುಸ್ತಕವನ್ನು ಈಗ ಕಲಿಯುವವರು ತರಬೇಕಾಗಿಲ್ಲ. ಅಲ್ಲೇ ಇಟ್ಟು ಬಂದೆ.

ರಿಯಾಕ್ಟ್‌ಗೆ ಕೊನೆಗೂ ಪುಸ್ತಕ ಕೊಳ್ಳಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾಕ್ಟ್ ಮಾಡುವವರದೇ ಹೊಸ ಕಲಿಕಾ ಕೈಪಿಡಿ ಇಂಟರ್ನೆಟ್‌ನಲ್ಲಿ ಬಂದಿತ್ತು. ಪೂರ್ತಿ ಹುಕ್ಸ್ ಮೇಲೆ ಬರೆದದ್ದು, ಪುಟಪುಟಕ್ಕೂ ಅಭ್ಯಾಸ, ಅಲ್ಲೇ ಬರೆದು ನೋಡುವ ಜಾಗ. ಹಾಗೆ ಇದ್ದಾಗ ಪುಸ್ತಕ ಯಾಕೆ? ಮುಖ್ಯ ಅಧ್ಯಾಯಗಳನ್ನು ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ, ಪೆನ್ಸಿಲ್ ಹಿಡಿದು ಓದಿದೆ. ಐದು ವಾರಕ್ಕೆ ಆಫೀಸಿನ ಕೋಡ್ ಓದಲು ಬಂತು. ಸೆಪ್ಟೆಂಬರಿನಲ್ಲಿ ನನ್ನ ಮೊದಲ ಪುಟ ಗಿರಾಕಿಗೆ ಹೋಯಿತು.

ಈಗ ನನಗೆ ತುಂಬ ಇಷ್ಟವಾದ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಅದೂ ಅವೆನ್ಯೂ ರೋಡಿನಲ್ಲೇ ಸಿಕ್ಕಿದ್ದು. ಆ ವರ್ಷದ ದಸರಾ ರಜೆಯಲ್ಲಿ ಇನ್ನೊಮ್ಮೆ ಹೋಗಿದ್ದೆ. ಈ ಸಲ ರಾಶಿಯಲ್ಲಿ, ರಿಯಾಕ್ಟ್‌ನಂಥದೇ ಇನ್ನೊಂದು ಸಲಕರಣೆಯಾದ ಗೂಗಲ್‌ನ ಆಂಗ್ಯುಲರ್‌ಜೆಎಸ್ ಪುಸ್ತಕಗಳು ಕಂಡವು, ಒಂದಲ್ಲ ಏಳೆಂಟು. 2016ರ ಸೆಪ್ಟೆಂಬರಿನಲ್ಲಿ ಆಂಗ್ಯುಲರ್ 2 ಬಂದಾಗ ಅದು ಹೆಸರಿಗೆ ಮಾತ್ರ ಎರಡು, ಒಳಗೆ ಪೂರ್ತಿ ಬೇರೆಯದೇ ಆಗಿತ್ತು. ಹಳೆಯದಕ್ಕೆ ಗೂಗಲ್ ಕೊಡುತ್ತಿದ್ದ ಬೆಂಬಲ 2021ರ ಕೊನೆಗೆ ನಿಂತಿತು. ಎಷ್ಟು ಜನ ರಾತ್ರಿ ಕೂತು ಓದಿರುತ್ತಾರೆ ಆ ಪುಸ್ತಕಗಳನ್ನು. ಒಂದೊಂದರಲ್ಲೂ ಪೆನ್ನಿನ ಗೆರೆಗಳು.

ಅವುಗಳ ಅಡಿಯಲ್ಲಿತ್ತು ನಾನು ಹೇಳುವ ಪುಸ್ತಕ. 'ಎಚ್‌ಟಿಟಿಪಿ: ದಿ ಡೆಫಿನಿಟಿವ್ ಗೈಡ್'. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳೇ ಎಚ್‌ಟಿಟಿಪಿ. ಹಕ್ಕುಸ್ವಾಮ್ಯದ ಪುಟ ನೋಡಿದೆ. 2002. ಇಪ್ಪತ್ತೊಂದು ವರ್ಷ ಹಳೆಯದು. ಹಿಂದಿನ ಪೆಟ್ಟು ನೆನಪಿತ್ತು, ಕೆಳಗಿಡಲು ಹೋದೆ. ಆದರೂ ನನ್ನ ಪರೀಕ್ಷೆ ಮಾಡಿ ನೋಡೋಣ ಎಂದು ಕ್ಯಾಶಿಂಗ್, ಅಂದರೆ ಒಮ್ಮೆ ತಂದ ಫೈಲನ್ನು ಮತ್ತೆ ಬಳಸಲು ಹತ್ತಿರ ಇಟ್ಟುಕೊಳ್ಳುವುದು, ಆ ಅಧ್ಯಾಯ ತೆರೆದೆ. ಅಲ್ಲೇ ನಿಂತುಬಿಟ್ಟೆ.

ಆ ತಿಂಗಳು ನಮ್ಮ ಒಬ್ಬ ಗಿರಾಕಿಗೆ ಒಂದು ತೊಂದರೆ ಇತ್ತು. ಬಟ್ಟೆ ಅಂಗಡಿಯ ತಾಣ. ಹಬ್ಬಕ್ಕೆ ಬೆಲೆ ಇಳಿಸಿದ್ದರು. ಹೊಸಬರಿಗೆ ಹೊಸ ಬೆಲೆ ಕಾಣುತ್ತಿತ್ತು, ಮೊದಲು ಬಂದು ಹೋಗಿದ್ದವರಿಗೆ ಹಳೇ ಬೆಲೆಯೇ. ದಿನಕ್ಕೆ ಹತ್ತು ಫೋನ್. ಬೆಲೆಯ ಪಟ್ಟಿ ಒಂದು ಜಾವಾಸ್ಕ್ರಿಪ್ಟ್ ಫೈಲಿನಲ್ಲಿತ್ತು. ಯಾವಾಗಲೋ ಯಾರೋ ಸರ್ವರಿನಲ್ಲಿ ಆ ಫೈಲಿಗೆ 'ಮ್ಯಾಕ್ಸ್-ಏಜ್' 31536000 ಸೆಕೆಂಡ್ ಎಂದು ಬರೆದಿದ್ದರು. ಅಂದರೆ ಒಂದು ವರ್ಷ. ಬ್ರೌಸರ್ ತನ್ನ ಹತ್ತಿರದ ಹಳೇ ಪ್ರತಿಯನ್ನು ಒಂದು ವರ್ಷ ತಾಜಾ ಎಂದೇ ನಂಬಿ, ಸರ್ವರನ್ನು ಕೇಳುವುದೇ ಇಲ್ಲ. ನಾವು 'ನೋ-ಕ್ಯಾಶ್' ಹಾಕಿದೆವು. ಉಪಯೋಗವಾಗಲಿಲ್ಲ. ಕೇಳುವುದಕ್ಕೇ ಬರದ ಬ್ರೌಸರಿಗೆ ಹೊಸ ಆಜ್ಞೆ ಹೇಗೆ ಮುಟ್ಟಬೇಕು?

ಅವೆನ್ಯೂ ರೋಡಿನ ಆ ಅಂಗಡಿಯ ಮುಂದೆ, ಜನ ತಳ್ಳಿಕೊಂಡು ಹೋಗುತ್ತಿರುವಾಗ, ನಾನು ಆ ಅಧ್ಯಾಯ ಓದಿದೆ. ತಾಜಾ ಇರುವುದು ಬೇರೆ, ತಾಜಾ ಇದೆಯೇ ಎಂದು ಕೇಳಿ ನೋಡುವುದು ಬೇರೆ. ನೋ-ಕ್ಯಾಶ್ ಎಂದರೆ ಇಟ್ಟುಕೊಳ್ಳಬೇಡ ಎಂದಲ್ಲ. ಇಟ್ಟುಕೋ, ಬಳಸುವ ಮೊದಲು ನನ್ನನ್ನು ಕೇಳು ಎಂದು. ಇಟ್ಟುಕೊಳ್ಳಲೇಬೇಡ ಎನ್ನಲು 'ನೋ-ಸ್ಟೋರ್' ಇದೆ. ಹನ್ನೊಂದು ವರ್ಷ ಈ ಕೆಲಸದಲ್ಲಿದ್ದೂ ನಾನು ಇವೆರಡನ್ನೂ ಒಂದೇ ಎಂದುಕೊಂಡಿದ್ದೆ. ಕೇಳಿದಾಗ ಬದಲಾಗಿಲ್ಲದಿದ್ದರೆ ಸರ್ವರ್ 304 ಎಂದಷ್ಟೇ ಉತ್ತರ ಕೊಡುತ್ತದೆ, ಫೈಲ್ ಮತ್ತೆ ಕಳಿಸುವುದಿಲ್ಲ. ಓದುತ್ತಾ ಓದುತ್ತಾ ನಮ್ಮ ಗಿರಾಕಿಯ ಸಮಸ್ಯೆಗೆ ಉತ್ತರವೂ ಹೊಳೆಯಿತು. ಫೈಲಿನ ಹೆಸರನ್ನೇ ಬದಲಾಯಿಸಬೇಕು. ಹೊಸ ಹೆಸರಿನ ಫೈಲಿಗೆ ಬ್ರೌಸರಿನ ಹತ್ತಿರ ಹಳೇ ಪ್ರತಿ ಇರುವುದೇ ಇಲ್ಲ, ಕೇಳಲೇಬೇಕು. ಪುಟಕ್ಕೆ ಮಾತ್ರ ನೋ-ಕ್ಯಾಶ್ ಇಟ್ಟರೆ ಹೊಸ ಹೆಸರು ಎಲ್ಲರಿಗೂ ತಲುಪುತ್ತದೆ.

ಅಂಗಡಿಯವರು ಕೇಳಿದಷ್ಟು, 250 ರೂಪಾಯಿ, ಚೌಕಾಸಿ ಮಾಡದೆ ಕೊಟ್ಟೆ. ಮೆಟ್ರೊದಲ್ಲಿ ಕೂತು ಪಕ್ಕದ ಸೀಟಿನ ಹುಡುಗನಿಗೆ ಫೋನ್ ಮಾಡಿದೆ. "ಫೈಲ್ ಹೆಸರಿಗೆ ಒಂದು ನಂಬರ್ ಸೇರಿಸಿ ನೋಡೋ." ಸಂಜೆಗೆ ಅವನ ಮೆಸೇಜು, ಆಯ್ತು ಅಕ್ಕಾ ಎಂದು. ಮಾರನೇ ದಿನದಿಂದ ಫೋನ್‌ಗಳು ನಿಂತವು.

ಆ ಪುಸ್ತಕದಲ್ಲಿ ಇಲ್ಲದ್ದೂ ಬಹಳ ಇದೆ. 2015ರಲ್ಲಿ ಬಂದ ಎಚ್‌ಟಿಟಿಪಿ 2ರ ಸುದ್ದಿಯೇ ಇರಲು ಸಾಧ್ಯವಿಲ್ಲ. ಅದನ್ನು ಬೇರೆ ಕಡೆ ಓದಿಕೊಂಡೆ. ಆದರೆ ಸಂದೇಶ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೊಂಡೊಯ್ಯುವ ರೀತಿ ಬದಲಾಗಿದೆಯೇ ಹೊರತು, ಸರ್ವರ್ ಕೊಡುವ ಉತ್ತರದಲ್ಲಿ 200 ಎಂದರೆ ಏನು, 404 ಎಂದರೆ ಏನು, ಕುಕಿ ಯಾಕೆ ಬೇಕಾಯಿತು, ಕ್ಯಾಶ್ ಹೇಗೆ ಯೋಚಿಸುತ್ತದೆ ಎನ್ನುವುದೆಲ್ಲ ಹಾಗೇ ಇದೆ. 2017ರ ಪುಸ್ತಕ ನನಗೆ ನಾಲ್ಕು ವಾರ ಬಂತು. 2002ರ ಪುಸ್ತಕ ಈಗಲೂ ಆಫೀಸಿನ ಮೇಜಿನ ಮೇಲಿದೆ.

2017ರ ಆ ರಿಯಾಕ್ಟ್ ಪುಸ್ತಕದ ಕತೆ ಅಲ್ಲಿಗೇ ಮುಗಿಯಲಿಲ್ಲ. ಕಾಲೇಜು ಮಕ್ಕಳಿಗೆ ಕೊಡಲು ಮನಸ್ಸು ಬರಲಿಲ್ಲ, ನಾನು ಹೋದ ದಾರಿಗೇ ಅವರೂ ಹೋಗುತ್ತಾರೆ. ಬೀರುವಿನಲ್ಲಿ ಇಟ್ಟಿದ್ದೆ. ಕಳೆದ ವರ್ಷ ಬೇರೆಯವರು 2018ರಲ್ಲಿ ಕಟ್ಟಿದ್ದ ಒಂದು ತಾಣವನ್ನು ನೋಡಿಕೊಳ್ಳುವ ಕೆಲಸ ನಮಗೆ ಬಂತು. ತೆರೆದರೆ ಎಲ್ಲ ಕ್ಲಾಸ್‌ಗಳು. ಹೊಸದಾಗಿ ಸೇರಿದ್ದ ಹುಡುಗಿಗೆ ಅದರ ತಲೆಬುಡ ತಿಳಿಯಲಿಲ್ಲ, ಅವಳು ಕಲಿತದ್ದೆಲ್ಲ ಹುಕ್ಸ್. ಮನೆಯಿಂದ ಪುಸ್ತಕ ತಂದು ಕೊಟ್ಟೆ, ನನ್ನ ನಲವತ್ತು ಪುಟದ ನೋಟ್ಸನ್ನೂ ಕೊಟ್ಟೆ. ಎರಡು ವಾರ ಅವಳ ಮೇಜಿನ ಮೇಲೇ ಇತ್ತು. ಕ್ಯಾಲೆಂಡರ್ ಹಾಳೆಯ ಬೈಂಡ್ ನೋಡಿ "ಮೇಡಂ, ಇದು ಯಾರು ಹಾಕಿದ್ದು?" ಎಂದು ಕೇಳಿದಳು. ಆ ಕೆಲಸ ಇನ್ನೂ ನಡೆಯುತ್ತಿದೆ, ಪುಸ್ತಕ ಅವಳ ಹತ್ತಿರವೇ ಇದೆ.

ಈಗ ರಿಯಾಕ್ಟ್ 19 ಬಂದಿದೆ, 2024ರ ಡಿಸೆಂಬರಿನಲ್ಲಿ. ಮೊನ್ನೆ ಚರ್ಚ್ ಸ್ಟ್ರೀಟಿಗೆ ಹೋದಾಗ ರಿಯಾಕ್ಟ್ ಪುಸ್ತಕವೊಂದನ್ನು ಕೈಗೆತ್ತಿಕೊಂಡೆ. ಹಕ್ಕುಸ್ವಾಮ್ಯದ ಪುಟ, ಪದಸೂಚಿ, ಎರಡು ಪುಟ ಓದು, ಕಣ್ಣು ಮುಚ್ಚಿ ಕನ್ನಡದಲ್ಲಿ ಹೇಳಿಕೊಳ್ಳುವುದು. ಎಲ್ಲದರಲ್ಲೂ ಪಾಸಾಯಿತು. ಒಳ್ಳೆಯ ಪುಸ್ತಕ. ಆದರೂ ಅಲ್ಲೇ ಇಟ್ಟು, ಡೇಟಾಬೇಸ್ ಮೇಲೆ ಬರೆದ ಒಂದು ಪುಸ್ತಕ ಕೊಂಡೆ. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯುಎಲ್. ಅದರಲ್ಲಿ ಬೇಗ ಹುಡುಕಲು ಇಡುವ ಪಟ್ಟಿಯಾದ ಇಂಡೆಕ್ಸ್ ಹೇಗೆ ಕೆಲಸ ಮಾಡುತ್ತದೆ, ಒಂದು ಪ್ರಶ್ನೆ ಯಾಕೆ ನಿಧಾನ, ಇನ್ನೊಂದು ಯಾಕೆ ವೇಗ ಎನ್ನುವುದನ್ನು ನಾನು ಇಷ್ಟು ವರ್ಷ ಅಂದಾಜಿನ ಮೇಲೆ ನಡೆಸಿಕೊಂಡು ಬಂದಿದ್ದೇನೆ. ಪಿಎಚ್‌ಪಿಯಲ್ಲೂ ಅದೇ ಬೇಕಿತ್ತು, ನೋಡ್‌ನಲ್ಲೂ ಅದೇ ಬೇಕು.

ಮನೆಯಲ್ಲಿ ಅಮ್ಮ ಕೈಯಲ್ಲಿ ಹಿಡಿದು ತೂಕ ನೋಡಿದರು. ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು.

"ಈ ಭಾಷೆ 1970ರ ದಶಕದಲ್ಲಿ ಹುಟ್ಟಿದ್ದಮ್ಮ," ಎಂದೆ. "ನಾನು ಹುಟ್ಟೋಕೆ ಮೊದಲೇ. ಈಗಲೂ ಎಲ್ಲ ಕಡೆ ಅದೇ."

"ಹಂಗಾದ್ರೆ ಕ್ಯಾಲೆಂಡರ್ ಹಾಳೆ ಬೇಡ," ಎಂದರು ಅಮ್ಮ. "ನಾಳೆ ಬರ್ತಾ ಗಟ್ಟಿ ಬ್ರೌನ್ ಪೇಪರ್ ತಗೊಂಡು ಬಾ."